ಕಾಕಾ ತೊಳೆದ ಒಂದೇ ನಾಣ್ಯ

ನನ್ನ ಸ್ಟುಡಿಯೊದ ಬಾಗಿಲ ಪಕ್ಕದಲ್ಲೇ ಒಂದು ಕನ್ನಡಿ ಇದೆ. ಅದರ ಕೆಳಗೆ ಬೇಸಿನ್ನು, ಪಕ್ಕದ ಹಲಗೆಯ ಮೇಲೆ ಬಾಚಣಿಗೆ, ಪೌಡರ್ ಡಬ್ಬಿ. ದಾಂಡೇಲಿಯಲ್ಲಿ ಪಾಸ್‌ಪೋರ್ಟ್ ಫೋಟೋ ಬೇಕಾದವರು ಯಾರೇ ಬರಲಿ, ಮೊದಲು ಅಲ್ಲಿ ನಿಂತು ಮುಖ ತೊಳೆದು, ಪೌಡರ್ ಹಚ್ಚಿಕೊಂಡು, ಆಮೇಲೆ ಸ್ಟೂಲಿನ ಮೇಲೆ ಕೂರುತ್ತಾರೆ. ಕಾಕಾ ಇದನ್ನು ನೋಡಿ ನೋಡಿ ನಗುತ್ತಿದ್ದರು.

"ನಿನಗೂ ನನಗೂ ಕೂಡಿ ಬರೂದಿಲ್ಲ ತಂಗಿ. ನೀ ತೊಳದದ್ದನ್ನ ನೋಡಾಕಿ, ನಾ ತೊಳೀದ ಇದ್ದದ್ದನ್ನ ನೋಡಾಂವ. ತೊಳದ ಮುಖಾ ಏನೂ ಹೇಳೂದಿಲ್ಲ."

ಆಗ ಅದು ಬರೀ ತಮಾಷೆ. ಈಗ ಆ ಮಾತು ತಮಾಷೆಯಾಗಿ ಉಳಿದಿಲ್ಲ. ಕಾಕಾ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಊರಿಗೆಲ್ಲ ಅವರು ಕಾಕಾ, ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರ ಹೆಂಡತಿ, ಅಂದರೆ ನಮ್ಮ ಕಾಕೂ, ಬೇಡ ಎಂದಿದ್ದಾರೆ. ಯಾಕೆ ಬೇಡ ಎಂಬುದು ಓದುತ್ತ ಹೋದಂತೆ ತಿಳಿದೀತು.

ದಾಂಡೇಲಿಯ ಬಂಗೂರನಗರದಲ್ಲೇ ಅವರ ಮನೆ. ಕಾಗದದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಾಗದ ಎಷ್ಟು ಬಿಳಿಯಾಗಿದೆ ಎಂದು ಪರೀಕ್ಷಿಸುವುದು ಅವರ ನೌಕರಿಯಾಗಿತ್ತು. "ಜಲ್ಮ ಪೂರ್ತಿ ಬಿಳೇದ ನೋಡೇನಿ, ಇನ್ನ ಸ್ವಲ್ಪ ಹೊಲಸು ನೋಡೂಣು" ಎಂದು ನಿವೃತ್ತಿಯಾದ ಮೇಲೆ ಹಳೆಯ ನಾಣ್ಯಗಳ ಬೆನ್ನು ಹತ್ತಿದರು. ಒಣಕಲು ದೇಹ, ಇಸ್ತ್ರಿ ಮುರಿಯದ ಅಂಗಿ, ಬುಡದವರೆಗೆ ಕತ್ತರಿಸಿದ ಉಗುರು. ಜೇಬಿನಲ್ಲಿ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥ ಒಂದು ಕಪ್ಪು ಮಸೂರ. ಮನೆಯ ಟ್ಯೂಬ್‌ಲೈಟಿನಲ್ಲಿ ನಾಣ್ಯ ಸುಳ್ಳು ಹೇಳುತ್ತದೆಂದು ಅವರ ದೂರು. ಹಾಗಾಗಿ ಸಂಜೆಯಾದರೆ ನನ್ನ ಸ್ಟುಡಿಯೊದ ದೀಪ ಹುಡುಕಿಕೊಂಡು ಬರುತ್ತಿದ್ದರು. ಅವರ ಹೆಸರು ಕೇಳಿ ನಾಣ್ಯ ತೋರಿಸಲು ಬರುವವರೂ ಅಲ್ಲಿಗೇ ಬರತೊಡಗಿದರು. ಹಳಿಯಾಳದಿಂದ, ಮುಂಡಗೋಡದಿಂದ, ಜೋಯಿಡಾದ ಕಾಡೂರುಗಳಿಂದ. ನನ್ನ ಗಿರಾಕಿಗಳಿಗಿಂತ ಅವರ ಗಿರಾಕಿಗಳೇ ಹೆಚ್ಚಾಗಿ, ಅವರಿಗೆಲ್ಲ ನಾನು ಚಹಾ ಹೇಳುವುದೂ ರೂಢಿಯಾಯಿತು.

ನಾಣ್ಯವನ್ನು ಅವರು ಅಂಚಿನಲ್ಲಷ್ಟೇ ಹಿಡಿಯುತ್ತಿದ್ದರು. ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ದೀಪದ ಎದುರು ನಿಧಾನಕ್ಕೆ ವಾಲಿಸುತ್ತಿದ್ದರು. ಹೆಚ್ಚು ಕೈ ಸೋಕದ ನಾಣ್ಯವಾದರೆ ಬೆಳಕು ಅದರ ಮೇಲೆ ಗಾಲಿಯ ಹಾಗೆ ತಿರುಗುತ್ತದೆ. ಆಗ ಅವರು ಉಸಿರು ಬಿಗಿಹಿಡಿದು, "ಹುಟ್ಟಿದ ಹಾಂಗ ಐತಿ" ಎನ್ನುತ್ತಿದ್ದರು. ಅದು ಅವರ ಮೊದಲ ದರ್ಜೆ. ರಾಜನ ಕೆನ್ನೆ, ಕಿವಿಯ ಮೇಲಿನ ಕೂದಲು ಸ್ವಲ್ಪ ಸವೆದಿದ್ದರೆ "ಕೈ ಕಂಡೈತಿ." ಇನ್ನೂ ಸವೆದಿದ್ದರೆ "ಸಂತಿ ಕಂಡೈತಿ." ಆದರೆ ಬೆಳಕು ತಿರುಗದೆ ಸತ್ತಂತೆ ಒಂದೇ ಕಡೆ ಬಿದ್ದಿದ್ದರೆ, ಮಸೂರದಲ್ಲಿ ಬ್ರಶ್ಶಿನ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಓಡಿದ್ದರೆ, ಅವರು ನಾಣ್ಯವನ್ನು ಸುಮ್ಮನೆ ಮರಳಿಸುತ್ತಿದ್ದರು. ತೊಳೆದದ್ದಕ್ಕೆ ಅವರಲ್ಲಿ ದರ್ಜೆಯೇ ಇರಲಿಲ್ಲ.

ನನಗೂ ಸ್ವಲ್ಪ ಕಲಿಸಿದರು. "ಮುಖಾ ನೋಡಬ್ಯಾಡ, ಸಂದಿ ನೋಡು. ಮುಖಾ ಯಾರರೆ ತೊಳೀತಾರ. ಸಂದ್ಯಾಗಿಂದು ಉಳೀತೈತಿ."

ದೀಪಾವಳಿ ಮುಗಿದ ವಾರವೆಂದರೆ ಕಾಕಾರಿಗೆ ಸೂತಕದ ವಾರ. ನಮ್ಮ ಕಡೆ ಲಕ್ಷ್ಮೀಪೂಜೆಗೆ ಮನೆಯ ಹಳೆಯ ನಾಣ್ಯಗಳನ್ನು ಹೊರತೆಗೆದು, ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ಫಳಫಳ ತಿಕ್ಕಿ ಇಡುತ್ತಾರಲ್ಲ. ಪೂಜೆ ಮುಗಿದ ಮೇಲೆ, ಇಷ್ಟು ಹೊಳೆಯುತ್ತಿದೆ, ಇದರದ್ದೇನೋ ವಿಶೇಷ ಇರಬೇಕು ಎಂದು ಅವನ್ನೇ ಕಾಕಾರ ಬಳಿ ತರುತ್ತಾರೆ. ಒಮ್ಮೆ ಹೀಗೇ ಒಬ್ಬ ಹೆಂಗಸು ಅತ್ತೆಯ ಕಾಲದ ರಾಣಿ ಛಾಪಿನ ರೂಪಾಯಿ ತಂದಿದ್ದಳು. ಕಾಕಾ ನೋಡಿದವರೇ, "ನಿಮ್ಮ ಅತ್ತಿಯವರು ಅದಾರೇನ್ರಿ?" ಎಂದು ಕೇಳಿದರು.

"ಇಲ್ರಿ, ತೀರಿಕೊಂಡ್ರು."

"ಅವರ ಬೆರಳು ಇದರ ಮ್ಯಾಲ ಇದ್ದವ್ರಿ. ಹಬ್ಬದ ತನಕಾ ಇದ್ದವು."

ಆಕೆ ಮುಖ ಸಣ್ಣ ಮಾಡಿಕೊಂಡು ಹೋದಳು. ನಾನು ಕಾಕಾರನ್ನು ಚೆನ್ನಾಗಿ ಬೈದೆ. ಅವರ ಕಣ್ಣಿನಷ್ಟೇ ನಾಲಿಗೆಯೂ ಚುರುಕು, ಆದರೆ ಅದಕ್ಕೆ ಬೀಗ ಇರಲಿಲ್ಲ. ಕಂಡದ್ದನ್ನು ಕಂಡ ಕೂಡಲೇ, ಎದುರಿಗೆ ಯಾರಿದ್ದಾರೆ ಎಂದೂ ನೋಡದೆ ಹೇಳಿಬಿಡುವುದು. ಕಾಕೂಗೂ ಇದೇ ಚಿಂತೆ. ಅವರು ಹಿತ್ತಾಳೆಯ ಸಮಯಿ ದೀಪಗಳನ್ನು ಬಂಗಾರದ ಹಾಗೆ ಬೆಳಗುವವರು. ಆದರೆ ಗಂಡನ ನಾಣ್ಯದ ಕಪಾಟಿನ ಮೇಲಿನ ಧೂಳು ಒರೆಸಲೂ ಅಪ್ಪಣೆ ಇರಲಿಲ್ಲ. "ನಮ್ಮ ಮನ್ಯಾಗ ಹೊಲಸಿಗೆ ಇದ್ದಷ್ಟು ಮರ್ಯಾದಿ ನನಗಿಲ್ಲವ್ವಾ" ಎಂದು ನಗುತ್ತಿದ್ದರು. ನಗು ಮುಗಿದ ಮೇಲೆ, "ಇವರ ಬಾಯಿ ಒಂದಿನ ಯಾರರೆ ಕುತ್ತಿಗಿಗೆ ಬರತೈತಿ ನೋಡು" ಎಂದೂ ಅನ್ನುತ್ತಿದ್ದರು.

ಅದು ಬಂದದ್ದು ಮರಿಯಾಬಾಯಿಯವರ ಕುತ್ತಿಗೆಗೆ.

ಮರಿಯಾಬಾಯಿ (ಇದೂ ಅವರ ನಿಜವಾದ ಹೆಸರಲ್ಲ) ಹಳಿಯಾಳದ ಆಚೆ, ಕಾಡಂಚಿನ ಒಂದು ಸಿದ್ದಿ ವಾಡೆಯವರು, ಅಂದರೆ ಸಿದ್ದಿಗಳ ಪುಟ್ಟ ಹಳ್ಳಿಯವರು. ಗಂಡ ಇಲ್ಲ, ತುಂಡು ಗದ್ದೆ ಇದೆ. ಎತ್ತರದ ಗಟ್ಟಿ ಆಳು, ನಕ್ಕರೆ ಸ್ಟುಡಿಯೊ ತುಂಬ ಕೇಳಿಸುತ್ತದೆ. ಮಗಳು ದಾಂಡೇಲಿಯಲ್ಲೇ ಹೊಲಿಗೆ ಕೆಲಸ ಮಾಡುತ್ತಾಳೆ, ನನ್ನ ರವಿಕೆಗಳೆಲ್ಲ ಅವಳ ಕೈಯವೇ. ಹಳೆಯ ಮಣ್ಣಿನ ಮನೆ ಕೆಡವಿ ಹೊಸ ಮನೆ ಕಟ್ಟಿಸುತ್ತಿದ್ದ ಮರಿಯಾಬಾಯಿ ಅದರ ಅರ್ಜಿಗೆ ಫೋಟೋ ತೆಗೆಸಲು ಬಂದಿದ್ದರು. ಕಾಕಾ ಮೂಲೆಯಲ್ಲಿ ಕೂತಿದ್ದರು. ಫೋಟೋಕ್ಕಾಗಿ ಕಾಯುತ್ತಿದ್ದ ಗಂಡಸರಿಬ್ಬರು ಬೆಂಚಿನ ಮೇಲಿದ್ದರು.

ಮರಿಯಾಬಾಯಿ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದರು. "ಸಾಹೇಬ್ರ, ಇದು ನಮ್ಮ ಅಜ್ಜಿ ಕಾಲದ್ದು. ಏನೈತಿ ನೋಡ್ರಿ."

ಪೋರ್ತುಗೀಜರು ಗೋವೆ ಆಳುತ್ತಿದ್ದಾಗಿನ ಬೆಳ್ಳಿಯ ರುಪಿಯಾ ಅದು. ಕರ್ರಗಾಗಿತ್ತು. ಕಾಕಾ ಮಸೂರ ಸಿಕ್ಕಿಸಿಕೊಂಡು ವಾಲಿಸಿ ನೋಡಿದರು. ನೋಡುತ್ತ ಅವರ ಮುಖ ಅರಳಿತು.

"ಅಜ್ಜಿ ಪೆಟಿಗ್ಯಾಗ ಇದ್ದದ್ದಲ್ಲ ಇದು! ನೆಲದಾಗ ಇದ್ದದ್ದು. ಭಾಳ ವರ್ಷ ನೆಲದಾಗ ಹುಗದಿಟ್ಟದ್ದು. ಸಂದ್ಯಾಗ ಕೆಂಪು ಮಣ್ಣು ಹೆಂಗ ಕಲ್ಲಾಗಿ ಕುಂತೈತಿ ನೋಡ್ರಿ. ಏ, ಬರ್ರಿ, ನೀವೂ ನೋಡ್ರಿ!"

ಬೆಂಚಿನ ಮೇಲಿದ್ದವರನ್ನೂ ಕರೆದು ಮಸೂರ ಕೊಟ್ಟರು. ಇಬ್ಬರೂ ಬಗ್ಗಿ ನೋಡಿದರು. ಒಬ್ಬ ಮೆಲ್ಲಗೆ, "ಯಾವ ಊರ್ರೀ ಅಕ್ಕಾ ನಿಮ್ದು?" ಎಂದು ಕೇಳಿದ. ಮರಿಯಾಬಾಯಿ ವಾಡೆಯ ಹೆಸರು ಹೇಳಿದರು. ಅವರು ತಮ್ಮ ಫೋಟೋ ತೆಗೆದುಕೊಂಡು ಹೊರಟುಹೋದರು.

ಅವರು ಮೆಟ್ಟಿಲಿಳಿದ ಮೇಲೆ ಮರಿಯಾಬಾಯಿ ಜೋರಾಗಿ ನಕ್ಕರು. "ಖರೇ ಹೇಳಿದ್ರಿ ಸಾಹೇಬ್ರ. ಹಳೇ ಮನಿ ಹೊಸ್ತಿಲಾ ಕೀಳೂ ಮುಂದ ಸಿಕ್ತ್ರಿ. ಮನಿ ಕಟ್ಟೂವಾಗ ಹೊಸ್ತಿಲದ ಬುಡಕ ಒಂದು ರೊಕ್ಕಾ ಇಡ್ತಿದ್ರಲ್ಲ, ಅದ."

"ಇದೊಂದ ಏನು?"

"ಒಂದ ರೀ. ಎರಡನೇದು ಇದ್ದಿದ್ರ ನಮ್ಮ ಅಜ್ಜಿ ಜ್ವಾಳಾ ತರ್ತಿದ್ಲು."

ಈ ಎರಡನೆಯ ಮಾತನ್ನು ಆ ಇಬ್ಬರು ಕೇಳಿಸಿಕೊಂಡಿರಲಿಲ್ಲ. ಅವರ ಕಿವಿಯಲ್ಲಿ ಉಳಿದದ್ದು ನೆಲದಲ್ಲಿ ಹುಗಿದದ್ದು ಎಂಬುದೊಂದೇ. ಅದು ಅಲ್ಲಿಂದ ಯಾವ ಚಹಾದಂಗಡಿಗೆ ಹೋಯಿತೋ, ಯಾವ ಕ್ಷೌರದಂಗಡಿಯಲ್ಲಿ ಎಷ್ಟು ಬೆಳೆಯಿತೋ. ಸಿದ್ದಿ ಬಾಯಿಯ ಮನೆ ಬುಡದಲ್ಲಿ ಗೋವೆಯಿಂದ ತಂದ ಕೊಡ ಇದೆಯಂತೆ ಎಂದು ನನಗೇ ಬಂದು ಹೇಳಿದವರಿದ್ದಾರೆ.

ನಿಧಿ ಎಂಬ ಮಾತು ನಮ್ಮ ಸೀಮೆಯಲ್ಲಿ ಸುಮ್ಮನೆ ಬಂದು ಹೋಗುವಂಥದ್ದಲ್ಲ. ಕಾಡಿನೊಳಗಿನ ಪಾಳುಗುಡಿಗಳ ದೇವರನ್ನು ಕಿತ್ತು ಪಕ್ಕಕ್ಕಿಟ್ಟು ಅಗೆದ ಗುಂಡಿಗಳನ್ನು ನಾನೇ ನೋಡಿದ್ದೇನೆ. ನೆಲದೊಳಗಿನದು ಮೇಲೆ ಬರಬೇಕಾದರೆ ಅದಕ್ಕೆ ಏನಾದರೂ ಕೊಡಬೇಕು ಎಂದು ಹಾಗೆ ಅಗೆಯುವವರ ನಂಬಿಕೆ. ಏನು ಕೊಡಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲು ಮರಿಯಾಬಾಯಿಯವರ ಹಿತ್ತಲಿನ ದಾಸವಾಳದ ಗಿಡ ಬುಡಸಮೇತ ಕಿತ್ತು ಬಿದ್ದಿತ್ತು. ಹಂದಿ ಇರಬೇಕು ಅಂದುಕೊಂಡರಂತೆ. ಆಮೇಲೆ ಗುಂಡಿಗಳು. ಆಮೇಲೊಂದು ಬೆಳಿಗ್ಗೆ ಮನೆಯ ಹಿಂದಿನ ಮೂಲೆಯಲ್ಲಿ ಕತ್ತರಿಸಿದ ನಿಂಬೆಹಣ್ಣು, ಕುಂಕುಮ, ಕರಿ ಕೋಳಿಯ ಪುಕ್ಕ. ಕೊನೆಗೆ ಅವರ ನಾಯಿ ಬಾಯಲ್ಲಿ ನೊರೆ ಬಂದು ಅಂಗಳದಲ್ಲೇ ಸತ್ತಿತು. ನಾಯಿ ಸತ್ತ ದಿನ ಅವರು ಮಗಳನ್ನು ಕರೆದುಕೊಂಡು ಸ್ಟುಡಿಯೊಕ್ಕೆ ಬಂದರು. ನಗು ಇರಲಿಲ್ಲ.

"ಸಾಹೇಬ್ರ, ಈಗ ನಾಯೀನೂ ಇಲ್ಲ. ಇನ್ನ ಆ ಮನ್ಯಾಗ ಇರಾಕಿ ನಾ ಒಬ್ಬಾಕಿ."

ಪೊಲೀಸರಿಗೆ ಹೇಳಿಯಾಯಿತು, ಅವರು ಬಂದು ನೋಡಿಯೂ ಹೋದರು. ಗುಂಡಿಯನ್ನು ನೋಡಿ ಅಗೆದವರ ಹೆಸರು ಹೇಳಲು ಯಾರಿಗಾದರೂ ಹೇಗೆ ಸಾಧ್ಯ? ನನ್ನ ಬಳಿ ಉಳಿದಿದ್ದ ಫೋಟೋ ಹಿಡಿದು ಕಾಕಾ ಆ ಇಬ್ಬರನ್ನು ಹುಡುಕಿಕೊಂಡು ಊರೆಲ್ಲ ಅಲೆದರು. ಸಿಗಲಿಲ್ಲ. ಸಿಕ್ಕಿದ್ದರೂ ಪ್ರಯೋಜನವಿರಲಿಲ್ಲ, ಸುದ್ದಿ ಅವರ ಕೈಯನ್ನೂ ಬಿಟ್ಟು ಹೋಗಿತ್ತು. ಹೊಸ್ತಿಲಿನ ಸಂಗತಿಯನ್ನು ಕಂಡಕಂಡವರಿಗೆಲ್ಲ ಹೇಳಿದರು. ಜನ ತಲೆಯಾಡಿಸಿ ಒಳಗೊಳಗೇ ನಕ್ಕರು. ಒಂದು ಸಿಕ್ಕಲ್ಲಿ ಇನ್ನೊಂದು ಇರುವುದಿಲ್ಲವೆ ಎಂದರು.

"ಊರ ಮಂದಿ ನನ್ನ ಕಣ್ಣ ನಂಬ್ಯಾರ. ಆ ನಂಬಿಕೀನ ಮುರೀಬೇಕು" ಎಂದರು ಕಾಕಾ ಕೊನೆಗೆ.

ಸಂತೆಯ ದಿನ ಆರಿಸಿಕೊಂಡರು. ಸ್ಟುಡಿಯೊದ ಮೆಟ್ಟಿಲ ಮೇಲೆ ಸ್ಟೂಲು ಹಾಕಿ ಕೂತರು. ಪಕ್ಕದಲ್ಲಿ ನೀರಿನ ಚೊಂಬು, ಹಲ್ಲುಪುಡಿ, ಒಂದು ಹಳೆಯ ಹಲ್ಲುಜ್ಜುವ ಬ್ರಶ್ಶು. ಮರಿಯಾಬಾಯಿ ನಾಣ್ಯವನ್ನು ಅವರ ಕೈಗೆ ಕೊಟ್ಟು, "ತೊಳೀರಿ ಸಾಹೇಬ್ರ. ನನ್ನ ಜೀವಕ್ಕಿಂತ ಹೆಚ್ಚೇನಲ್ಲ ಅದು" ಎಂದರು. ಕಾಕೂ ಮುಂದೆ ಬಂದರು. "ನಾ ತಿಕ್ಕಿ ಕೊಡ್ತೇನ್ರೀ. ನೀವು ಆ ಕಡೆ ಮುಖಾ ಮಾಡ್ರಿ."

"ಬ್ಯಾಡ. ನಾನ ತಿಕ್ಕಬೇಕು. ಮಂದಿ ನೋಡಬೇಕು" ಎಂದರು ಕಾಕಾ.

ತಿಕ್ಕಿದರು. ಅಂಚು ಬಿಟ್ಟರೆ ಎಲ್ಲೂ ಮುಟ್ಟದ ಆ ಕೈ ರಾಜನ ಮುಖದ ಮೇಲೆ ಹೆಬ್ಬೆರಳು ಒತ್ತಿ ಗರಗರ ತಿಕ್ಕಿತು. ಮೊದಲು ಕಪ್ಪು ನೀರು, ಆಮೇಲೆ ಕೆಂಪು ನೀರು ಮೆಟ್ಟಿಲಿಳಿದು ಹೋಯಿತು. ಸಂದಿಯ ಮಣ್ಣು ಬಿಡದಿದ್ದಾಗ ಸೂಜಿಯಿಂದ ಕಿತ್ತರು. ಸುತ್ತ ಜನ ಸೇರಿದರು. ಕಾಕಾ ನಾಣ್ಯವನ್ನು ಎತ್ತಿ ಹಿಡಿದು ಸಂತೆಯ ಗದ್ದಲದ ಮೇಲೆ ಕೂಗಿ ಹೇಳಿದರು: "ನೋಡ್ರಿ, ನಾ ತಪ್ಪು ಹೇಳಿದ್ದೆ! ಇದು ನೆಲದಾಗಿಂದಲ್ಲ. ಒಲಿ ಹೊಗಿ ಹತ್ತಿ ಕರ್ರಗಾಗಿತ್ತು. ಸರಕ್ಕ ಪೋಣಿಸೂ ಖೋಟಾ ಬಿಲ್ಲೆ ಐತಿ. ನನ್ನ ಕಣ್ಣು ಹ್ವಾದವು!"

ನಾಣ್ಯ ಹೊಸ ಸ್ಟೀಲ್ ಚಮಚದ ಹಾಗೆ ಹೊಳೆಯುತ್ತಿತ್ತು. ಜನ ನಕ್ಕರು. ಯಾರೋ ಶಿಳ್ಳೆ ಹಾಕಿದ. ಕಾಕಾ ಒಳಗೆ ಬಂದು ನನ್ನ ಬೇಸಿನ್ನಿನಲ್ಲಿ ಕೈ ತೊಳೆಯುತ್ತ ಬಹಳ ಹೊತ್ತು ನಿಂತರು. ನಾನು ಆಗ ಅತ್ತೆ. ಅವರು ಅಳಲಿಲ್ಲ. "ಹೊಳಪು ಹೆಂಗ ಬಂತು ನೋಡಿದಿಯಿಲ್ಲ ತಂಗಿ? ಕಾಕೂಗಿಂತ ಛಲೋ ತಿಕ್ಕೇನಿ" ಎಂದರು.

ಅಲ್ಲಿಗೆ ಅಗೆತ ನಿಂತಿತು. ಮರಿಯಾಬಾಯಿಯವರ ಹೊಸ ಮನೆ ಮೇಲೆದ್ದಿತು. ಕಾಕಾರ ಬಳಿ ನಾಣ್ಯ ತರುವುದನ್ನು ಜನ ಬಿಟ್ಟರು. ಕಣ್ಣು ಹೋದ ಮುದುಕ ಎಂದು ಸಂತೆಯಲ್ಲಿ ಆಡಿಕೊಂಡರು. ಅವರು ಅದನ್ನು ಒಪ್ಪಿಕೊಂಡವರಂತೆ, ಬೇಕೆಂದೇ ಕೆಲವೊಮ್ಮೆ ಗೋಡೆ ಹಿಡಿದು ನಡೆಯುತ್ತಿದ್ದರು. ಹಾಗೆ ನಡೆಯುವಾಗಲೂ ಕಾಲಡಿಯ ಪ್ರತಿಯೊಂದು ಕಲ್ಲು ಅವರಿಗೆ ಕಾಣುತ್ತಿತ್ತೆಂದು ನನಗೆ ಗೊತ್ತಿತ್ತು. ಸ್ಟುಡಿಯೊಕ್ಕೆ ಬಂದರೂ ದೀಪದ ಕಡೆ ಬೆನ್ನು ಮಾಡಿ ಕೂರುತ್ತಿದ್ದರು. ಒಂದು ಮುಂಜಾನೆ ಚಹಾದ ಕಪ್ಪು ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ದಿನಕರ್ಮಗಳು ಮುಗಿದ ಮೇಲೆ ಕಾಕೂ ಅವರ ಮಸೂರವನ್ನು ನನಗೆ ಕೊಟ್ಟರು.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ.

ಈಚೆಗೆ ಒಂದು ಮಧ್ಯಾಹ್ನ ಒಬ್ಬ ಗಿರಾಕಿ ಬಂದ. ನಡುವಯಸ್ಸು, ಮೆತ್ತಗಿನ ಮಾತು, ನಾನು ಹಿಂದೆ ಕಂಡಿರದ ಮುಖ. ಪಾಸ್‌ಪೋರ್ಟ್ ಫೋಟೋ ಬೇಕೆಂದ. ಎಲ್ಲರಂತೆ ಕನ್ನಡಿಯ ಮುಂದೆ ನಿಂತು ಮೊಣಕೈವರೆಗೆ ತೊಳೆದುಕೊಂಡ, ಮುಖ ತೊಳೆದ, ತಲೆ ಬಾಚಿದ, ಪೌಡರ್ ಹಚ್ಚಿಕೊಂಡು ಸ್ಟೂಲಿನ ಮೇಲೆ ಕೂತ. ನಾನು ಫೋಟೋ ತೆಗೆದೆ.

"ಕಾಕಾ ಇಲ್ಲೇ ಕೂಡ್ತಿದ್ರಲ್ರೀ?" ಎಂದ.

"ಹೌದ್ರಿ. ತೀರಿಕೊಂಡ್ರು."

"ಗೊತ್ತೈತ್ರಿ. ಒಂದು ಮಾತು ತಿಳೀವಲ್ದು ಅಕ್ಕಾರ. ಜಲ್ಮದಾಗ ಒಂದು ನಾಣ್ಯಾನೂ ತೊಳೀದ ಮನಷ್ಯಾ, ಅದೊಂದನ್ನ ಯಾಕ ತೊಳದ್ರು?"

"ವಯಸ್ಸಾಗಿತ್ರಿ. ಕಣ್ಣು ಮಂಜಾಗಿದ್ದವು" ಎಂದೆ.

ಅವನು ನಕ್ಕ. "ಕಣ್ಣು ಮಂಜಾದವರಿಗೆ ಅದು ಖೋಟಾ ಅಂತ ಹೆಂಗ ಕಾಣಸ್ತ್ರಿ?"

ಅಷ್ಟರಲ್ಲಿ ಕರೆಂಟು ಹೋಯಿತು, ಪ್ರಿಂಟ್ ಕೊಡಲು ಆಗಲಿಲ್ಲ. ಆಮೇಲೆ ಬಂದು ಒಯ್ಯುತ್ತೇನೆ ಎಂದು ಹೊರಟುಹೋದ. ನಾನು ಬೇಸಿನ್ನಿನ ಬಳಿ ಹೋಗಿ ನೋಡಿದೆ. ಬಿಳಿಯ ತಳದಲ್ಲಿ ಕೆಂಪು ಮಣ್ಣು ತೆಳ್ಳಗೆ ಕೂತಿತ್ತು. ಅವತ್ತು ಕಾಕಾ ತಿಕ್ಕುವಾಗ ಮೆಟ್ಟಿಲಿಳಿದು ಹೋದ ನೀರಿನದೇ ಬಣ್ಣ. ಈ ಕಡೆ ಕೆಂಪು ಮಣ್ಣು ಎಲ್ಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಶಟರ್ ಎಳೆದು ಹಳಿಯಾಳದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಕಾಕಾರ ಮೇಲೆ ಸಿಟ್ಟು ಬಂತು, ದುಃಖವೂ ಬಂತು. ಅವರು ತಮ್ಮ ಹೆಸರನ್ನು ತಾವೇ ತಿಕ್ಕಿ ಅಳಿಸಿಕೊಂಡದ್ದು ಮರಿಯಾಬಾಯಿಯವರನ್ನು ಉಳಿಸಲಿಕ್ಕೆ. ಆದರೆ ಅವರು ಎಂಥವರು ಎಂಬುದು ಊರಿಗೆಲ್ಲ ಗೊತ್ತಿತ್ತಲ್ಲ. ಆ ಮನುಷ್ಯ ತೊಳೆದನೆಂದರೆ ಏನನ್ನೋ ಮುಚ್ಚಲಿಕ್ಕೇ ಇರಬೇಕು ಎಂದು ಯಾರೋ ಒಬ್ಬ ನಿಧಾನಕ್ಕೆ ಕೂತು ಯೋಚಿಸಿದ್ದ.

ಮರಿಯಾಬಾಯಿ ಹೊಸ್ತಿಲ ಮೇಲೇ ಕೂತು ಅಕ್ಕಿ ಆರಿಸುತ್ತಿದ್ದರು. ಜೀವ ಬಂದಂತಾಯಿತು. ನಮ್ಮ ಮನೆಯಲ್ಲಾದರೆ ಹೊಸ್ತಿಲ ಮೇಲೆ ಕೂತವರನ್ನು ಎಬ್ಬಿಸುತ್ತಾರೆ. ಅಂದು ನಾನೂ ಅವರ ಪಕ್ಕ ಕೂತು ಎಲ್ಲ ಹೇಳಿದೆ. ಆ ನಾಣ್ಯ ಎಲ್ಲಿದೆ ಎಂದು ಕೇಳಿದೆ.

ಅವರು ಕೂತಲ್ಲೇ ಹೊಸ್ತಿಲನ್ನು ತಟ್ಟಿದರು. "ಇಲ್ಲೇ ಐತ್ರಿ. ಹೊಸ್ತಿಲಾ ಕೂಡ್ರಸೂ ದಿನಾ ಸಾಹೇಬ್ರು ತಾವ ಬಂದು ತಮ್ಮ ಕೈಲೆ ಇಟ್ಟ್ರು. ನೆಲದಾಗ ಇದ್ರ ಅದಕ್ಕ ಮತ್ತ ಮುಖಾ ಬರತೈತಿ, ನೋಡಾಕ ನಾ ಇರೂದಿಲ್ಲ ಅಂದ್ರು."

ಕಾಕಾ ಇದನ್ನು ನನಗೆ ಹೇಳಿರಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಅವರು ಬಾಯಿ ಮುಚ್ಚಿಕೊಂಡಿದ್ದರು.

"ನನ್ನ ಜೋಡಿ ದಾಂಡೇಲಿಗೆ ಬರ್ರಿ" ಎಂದೆ. "ಮಗಳ ಮನ್ಯಾಗ ಸ್ವಲ್ಪ ದಿನಾ ಇರ್ರಿ."

"ಹೆಂಗ ಬರ್ಲಿ ಅಕ್ಕಾರ? ನಾ ಹ್ವಾದ್ರ ಕೊಡಾ ತಗೊಂಡು ಹ್ವಾದ್ಲು ಅಂತಾರ. ಇದನ್ನ ಕಿತ್ತು ತೋರಿಸಿದ್ರ ಬುಡಕ ಇನ್ನೂ ಐತಿ ಅಂತಾರ. ನಾ ಇಲ್ಲೇ ಕುಂತಿರೂದ ಛಲೋ."

ಹಿತ್ತಲಿನಲ್ಲಿ ಕೈಕಾಲು ತೊಳೆಯಲು ಹೋದಾಗ ಗೋಡೆಯ ಮೂಲೆಯಲ್ಲಿ ಒಂದು ನಿಂಬೆಹಣ್ಣು ಕಂಡೆ. ಇಡಿಯದು, ಹಸಿರಾಗಿ, ಆಗಷ್ಟೇ ಇಟ್ಟ ಹಾಗಿತ್ತು. ಮರಿಯಾಬಾಯಿಗೆ ತೋರಿಸಿದೆ. "ಗಾಳಿಗೆ ಬಿದ್ದಿರಬೇಕ್ರಿ" ಎಂದರು. ಆ ಹಿತ್ತಲಿನಲ್ಲಾಗಲಿ ಪಕ್ಕದ ಹಿತ್ತಲಿನಲ್ಲಾಗಲಿ ನಿಂಬೆಯ ಗಿಡವಿಲ್ಲ. ಅದು ಅವರಿಗೂ ಗೊತ್ತು.

ಈಗ ಅವರ ಅಳಿಯ ರಾತ್ರಿ ಅಲ್ಲಿ ಮಲಗಲು ಹೋಗುತ್ತಾನೆ. ಹೊಸ ನಾಯಿ ತಂದಿದ್ದಾರೆ. ಪೊಲೀಸರಿಗೂ ಮತ್ತೆ ಹೇಳಿದ್ದೇವೆ. ಮುಂಜಾನೆ ಸ್ಟುಡಿಯೊ ತೆರೆದ ಕೂಡಲೇ ನಾನು ಮರಿಯಾಬಾಯಿಗೆ ಫೋನು ಮಾಡುತ್ತೇನೆ. ಅವರು ಎತ್ತುವ ತನಕ ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಅವತ್ತಿನ ಫೋಟೋಗಳನ್ನು ಮರುದಿನವೇ ಪ್ರಿಂಟ್ ಹಾಕಿ ಒಂದು ಪ್ರತಿ ಪೊಲೀಸರಿಗೆ ಕೊಟ್ಟೆ. ಉಳಿದವು ಇಲ್ಲೇ ನನ್ನ ಮೇಜಿನ ಡ್ರಾಯರಿನಲ್ಲಿವೆ. ಗಿರಾಕಿಗಳಿಲ್ಲದಾಗ ಒಂದನ್ನು ಹೊರತೆಗೆದು, ದೀಪದ ಕೆಳಗಿಟ್ಟು, ಕಾಕಾರ ಮಸೂರ ಸಿಕ್ಕಿಸಿಕೊಂಡು ನೋಡುತ್ತೇನೆ. ಹುಬ್ಬಿನ ಸಂದಿ ನೋಡುತ್ತೇನೆ, ತುಟಿಯ ಸಂದಿ ನೋಡುತ್ತೇನೆ. ಚೆನ್ನಾಗಿ ತೊಳೆದು, ನುಣ್ಣಗೆ ಪೌಡರ್ ಹಚ್ಚಿಕೊಂಡ ಮುಖ. ಏನೂ ಹೇಳುವುದಿಲ್ಲ. ಫೋಟೋ ಒಯ್ಯಲು ಅವನು ಇನ್ನೂ ಬಂದಿಲ್ಲ.